ಪೆಟ್ಟಿಗೆಯೊಳಗಿನ ಜವಾನ

ಮಾರ್ಚ್ 3

ಅಮ್ಮ,

ಕೊನೆಗೂ ಪೆಟ್ಟಿಗೆ ಬರುತ್ತಿದೆ. ಅಂಚೆಯಣ್ಣ ಬೆನ್ನ ಮೇಲೆ ಹೊತ್ತು ತರುತ್ತಾನೆ. ಎರಡು ದಿನದ ದಾರಿಯಲ್ಲಿ ಅದನ್ನು ಮಣೆ ಮಾಡಿಕೊಂಡು ಕೂರುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ನೀನು ದಿನಕ್ಕೆರಡು ಸಲ ಹೊಳೆಗೆ ಇಳಿದು ಅಳತೆಪಟ್ಟಿ ನೋಡಿ ಬರೆಯುತ್ತೀಯಲ್ಲ, ಆ ಕೆಲಸವನ್ನು ಇನ್ನು ಮುಂದೆ ಇದು ಮಾಡುತ್ತದೆ. ನೀರು ಏರಿದರೆ ಕೆಳಗಿನ ಮೂರು ಊರುಗಳ ಸೈರನ್ನನ್ನು ರೇಡಿಯೋ ಮೂಲಕ ಇದೇ ಕೂಗಿಸುತ್ತದೆ. ಪೆಟ್ಟಿಗೆ ಅಲ್ಲಿ ಸರಿಯಾಗಿ ನೆಲೆಯಾದರೆ ನೀನು ಇಳಿದು ಬರಬಹುದು. ಅಪ್ಪ ಸತ್ತ ಮೇಲೆ ಆ ಕೆಲಸ ನಿನಗೆ ಬಂದು ಇಪ್ಪತ್ತಾರು ವರ್ಷವಾಯಿತು, ಸಾಕು. ನಾನು ಈ ಕೆಲಸಕ್ಕೆ ಸೇರಿದ್ದೇ ಇದಕ್ಕೆ ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಇರಲಿ ಬಿಡು.

"ಅದೇನು ಶೆಲ್ಲು ಶೆಲ್ಲು ಅಂತ ಬರೀತೀಯ, ಬಸವನಹುಳುವಿನ ಚಿಪ್ಪಾ?" ಎಂದು ಹೋದ ಪತ್ರದಲ್ಲಿ ನೀನು ಕೇಳಿದ್ದೆ. ಕಚೇರಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುವ ಜವಾನನನ್ನು ನೆನಪಿಸಿಕೋ. ಒಳಗಿನವರ ಹತ್ತಿರ ನಾವು ನೇರವಾಗಿ ಮಾತಾಡುವಂತಿಲ್ಲ. ಚೀಟಿಯನ್ನು ಅವನ ಕೈಗೆ ಕೊಟ್ಟರೆ ಅವನು ಒಳಗೆ ಹೋಗಿ ಕೆಲಸ ಮಾಡಿಸಿ ಉತ್ತರ ತರುತ್ತಾನೆ. ಶೆಲ್ ಅಂದರೆ ಆ ಜವಾನ. ಪೆಟ್ಟಿಗೆಯ ಜೊತೆ ಬಂದಿರುವ ಸಣ್ಣ ಕೀಬೋರ್ಡಿನಲ್ಲಿ ಒಂದು ಮಾತು ಬರೆದು ಎಂಟರ್ ಒತ್ತಿದರೆ ಅವನು ಓಡುತ್ತಾನೆ.

ಜವಾನರಲ್ಲಿ ಮೂವರು ಅಭ್ಯರ್ಥಿಗಳಿದ್ದರು. ದೊಡ್ಡವನಿಗೆ ಎಲ್ಲವೂ ಗೊತ್ತು, ಆದರೆ ಇಡೀ ಕೋಣೆಯನ್ನು ಅವನೊಬ್ಬನೇ ತುಂಬುತ್ತಾನೆ. ಪೆಟ್ಟಿಗೆಯಲ್ಲಿರುವ ಜಾಗವೋ ಒಟ್ಟು ನಾಲ್ಕು ಎಂಬಿ, ಅದರಲ್ಲೂ ರೇಡಿಯೋದವರು ಮೊದಲೇ ಹಾಸಿಗೆ ಬಿಚ್ಚಿ ಮಲಗಿದ್ದಾರೆ. ಹಾಗಾಗಿ ಎಲ್ಲರಿಗಿಂತ ಚಿಕ್ಕವನನ್ನು ಆರಿಸಿದೆ. ಆಮೇಲೂ ಉದ್ದದೊಂದು ಪಟ್ಟಿ ಬರುತ್ತದೆ, ಈ ಸೌಕರ್ಯ ಬೇಕೋ ಬೇಡವೋ ಎಂದು ಒಂದೊಂದನ್ನೂ ಕೇಳುತ್ತದೆ. ನಾನು ಬೇಡ, ಬೇಡ, ಬೇಡ ಎನ್ನುತ್ತಾ ಹೋದೆ. ಒತ್ತಿದ ತಪ್ಪನ್ನು ಅಳಿಸುವ ಸೌಕರ್ಯಕ್ಕೂ ಬೇಡ ಎಂದೆ. ಅಲ್ಲಿ ತಪ್ಪು ಒತ್ತುವವರು ಯಾರಿದ್ದಾರೆ?

ನೀನು ಬರೆಯಬೇಕಾದ ಮಾತು ಒಂದೇ: ಮಟ್ಟ. ಇಂಗ್ಲಿಷ್ ಅಕ್ಷರದಲ್ಲಿ. ಅದು ನೀರಿನ ಮಟ್ಟ ಹೇಳುತ್ತದೆ.

ದಾರಿ ನೋಡುತ್ತಿರುವ,
ಮಗಳು

ಮಾರ್ಚ್ 19

ನೀರು: ಒಂದು ಮೀಟರ್ ಮೂವತ್ತೆರಡು. ಗಾಳಿಯಿದೆ, ಒಂದು ಸೆಂಟಿಮೀಟರ್ ಆಚೀಚೆ.

ಚಿನಕುರುಳಿ,

ಪೆಟ್ಟಿಗೆ ಮುಟ್ಟಿತು. ನಿನ್ನ ಚಿತ್ರದಲ್ಲಿದ್ದ ಹಾಗೇ ತಂತಿ ಸಿಕ್ಕಿಸಿದೆ. ದೀಪ ಹತ್ತಿತು. ನಿನ್ನ ಜವಾನ ಮಾತ್ರ ಬಲು ಗತ್ತಿನವನು.

ಮೊದಲ ದಿನ ಒಂದು ಟ ಹೆಚ್ಚು ಒತ್ತಿಬಿಟ್ಟೆ. ಅಳಿಸಲು ಹೋದರೆ ಅದು ಅಳಿಯದೆ, ಟೋಪಿ ಹಾಕಿಕೊಂಡ ಅಕ್ಷರಗಳೆಲ್ಲ ಪಕ್ಕದಲ್ಲಿ ಬಂದು ಕೂತವು. ಸರಿ, ನಮ್ಮ ರಿಜಿಸ್ಟರಿನ ನಿಯಮ ಗೊತ್ತಲ್ಲ, ಅಂಕಿ ತಪ್ಪಿದರೆ ಅಳಿಸಬಾರದು, ಗೀಟು ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಸರಿಯಾದದ್ದನ್ನು ಬರೆಯಬೇಕು. ಹಾಗೇ ಮಾಡಿದೆ. ಸಾಲಾಗಿ ಗೀಟು ಒತ್ತಿ, ನನ್ನ ಹೆಸರಿನ ಮೊದಲಕ್ಷರ ಒತ್ತಿ, ಮುಂದೆ ಮಟ್ಟ ಎಂದು ಬರೆದೆ. ಸಿಗಲಿಲ್ಲ ಎಂದ. ಇನ್ನೊಂದು ಸಲ ಇನ್ನೂ ದೊಡ್ಡ ಸಹಿ ಹಾಕಿದೆ. ಆಗಲೂ ಸಿಗಲಿಲ್ಲ. ಯಾರನ್ನು ಹುಡುಕುತ್ತಿದ್ದಾನೋ ಪುಣ್ಯಾತ್ಮ.

ನೀನು ಬೇಡ ಎಂದದ್ದು ನನ್ನನ್ನೇ ಕಣೇ. ತಪ್ಪು ಒತ್ತುವವಳು ನಾನಿದ್ದೇನೆ ಇಲ್ಲಿ. ಎಡಗಣ್ಣಿನ ಅಂಚಿನಲ್ಲಿ ಹೊಗೆ ಕೂತ ಹಾಗಿದೆ, ಪಕ್ಕದ ಅಕ್ಷರ ಕಾಣುವುದಿಲ್ಲ. ಬಾಗಿಲಿನ ಚೌಕಟ್ಟಿಗೆ ಎರಡು ಸಲ ಭುಜ ಹೊಡೆದುಕೊಂಡೆ. ಒಲೆಯ ಹೊಗೆಯೇ ಇರಬೇಕು.

ನಿನ್ನಮ್ಮ

ಏಪ್ರಿಲ್ 1

ಅಮ್ಮ,

ನಿನ್ನ ಪತ್ರ ಓದಿ ಚಿಕ್ಕಮ್ಮ ಬಿದ್ದೂ ಬಿದ್ದೂ ನಕ್ಕಳು. ನನಗೆ ನಗು ಬರಲಿಲ್ಲ. ನಿನ್ನ ಸಾಲುಗಳನ್ನು ಕಣ್ಣಿನ ಡಾಕ್ಟರಿಗೆ ಓದಿ ಹೇಳಿದೆ. "ಹೊಗೆ ಅಲ್ಲಮ್ಮ ಅದು. ಕಣ್ಣಿನ ಒಳಗೆ ಒತ್ತಡ ಏರಿರಬೇಕು. ಅಂಚಿನಿಂದ ಶುರುವಾಗುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬಹುದು. ಬೇಗ ಕರ್ಕೊಂಡು ಬನ್ನಿ" ಎಂದರು. ಹನಿ ಔಷಧ ಕಳಿಸಿದ್ದೇನೆ. ನೋಡದೆ ಕೊಟ್ಟ ಔಷಧ, ಇದರ ಮೇಲೆ ಭರವಸೆ ಇಡಬೇಡಿ ಎಂದೂ ಹೇಳಿದರು.

ಮಳೆಗೆ ಇನ್ನೂ ಎರಡು ತಿಂಗಳಿದೆ. ಪೆಟ್ಟಿಗೆ ಸರಿಯಿದೆ ಎಂದು ಒಂದು ಕಾಗದ ಬರೆದುಕೊಟ್ಟು ಹೊರಟುಬಿಡು. ಬದಲಿ ಇಲ್ಲ, ಗಿದಲಿ ಇಲ್ಲ ಎನ್ನಬೇಡ.

ಹೊಸ ಮೆಮೊರಿ ಕಾರ್ಡ್ ಇಟ್ಟಿದ್ದೇನೆ. ಇದರಲ್ಲಿ ನಡುವಿನ ಜವಾನನಿದ್ದಾನೆ. ಅಳಿಸುವುದು ಇವನಿಗೆ ಬರುತ್ತದೆ. ಅವನಿಗೆ ಜಾಗ ಮಾಡಲು ಪಟ್ಟಿಯಿಂದ ಇನ್ನೊಂದಿಷ್ಟು ಕಿತ್ತುಹಾಕಿದೆ, ನಿನಗೆ ಬೇಕಾದದ್ದು ಯಾವುದೂ ಅಲ್ಲ. ಕಚೇರಿಯವರು ಸೈರನ್ ಪರೀಕ್ಷೆಯೊಂದನ್ನು ಕೇಳುತ್ತಾರೆ. ಕೂಗು ಎಂದು ಒತ್ತು, ಸೈರನ್ ಹೊಡೆದುಕೊಳ್ಳುತ್ತದೆ. ಎಣಿಸಿ ಹತ್ತಾದ ಮೇಲೆ ಕಂಟ್ರೋಲ್ ಮತ್ತು ಸಿ ಎರಡನ್ನೂ ಒಟ್ಟಿಗೆ ಒತ್ತು, ನಿಲ್ಲುತ್ತದೆ. ಇಲ್ಲಿ ನನ್ನ ಮೇಜಿನ ಮೇಲೆ ಇಪ್ಪತ್ತು ಸಲ ಮಾಡಿ ನೋಡಿದ್ದೇನೆ. ಅಕಸ್ಮಾತ್ ಬೇಕಾದರೆ ನಿಲ್ಲು ಎಂಬ ಮಾತೂ ಇದೆ.

ದಮ್ಮಯ್ಯ, ಬೇಗ ಬಾ.

ಮಗಳು

ಏಪ್ರಿಲ್ 17

ನೀರು: ಒಂದು ಮೀಟರ್ ಇಪ್ಪತ್ತಾರು, ಸುಮಾರಾಗಿ.

ಮಗೂ,

ನಿನಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗಂಟೆಗೆ ಕೂಗು ಒತ್ತಿದೆ. ಕೆಳಗೆ ಮೂರೂ ಊರಿನಲ್ಲಿ ಒಟ್ಟಿಗೆ ಹೊಡೆದುಕೊಂಡಿತು. ಹತ್ತು ಎಣಿಸಿ ನೀನು ಹೇಳಿದ ಎರಡನ್ನೂ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಜವಾನ ಒಳಗೆ ಹೋದವನು ಆಚೆಗೇ ಬರಲಿಲ್ಲ. ನಿಲ್ಲು ಎಂದು ಬರೆಯೋಣವೆಂದರೆ ಬಾಗಿಲಲ್ಲಿ ಚೀಟಿ ತೆಗೆದುಕೊಳ್ಳುವವರೇ ಇಲ್ಲ.

ಪೆಟ್ಟಿಗೆಯ ತಂತಿ ಕಿತ್ತೆ. ಪೆಟ್ಟಿಗೆ ಸತ್ತಿತು, ಸೈರನ್ ಸಾಯಲಿಲ್ಲ. ನಿಲ್ಲು ಎಂಬ ಮಾತು ಮುಟ್ಟುವ ತನಕ ಅದು ಕೂಗುತ್ತಲೇ ಇರುತ್ತದಂತೆ, ಆಮೇಲೆ ಕೆಳಗಿನ ಊರಿನ ರೇಡಿಯೋ ರಿಪೇರಿಯವನು ಹೇಳಿದ. ತಿರುಗಿ ತಂತಿ ಸಿಕ್ಕಿಸಿ, ಅದು ಏಳುವುದನ್ನೇ ಕಾದು, ನಿಲ್ಲು ಎಂದು ಒತ್ತಿದೆ. ಸಿಗಲಿಲ್ಲ ಎಂದ. ಇಂಗ್ಲಿಷಿನಲ್ಲಿ ನಿಲ್ಲು ಎನ್ನಲು ಎಷ್ಟು ಎಲ್ ಬೇಕೇ ಮಗಳೇ? ಒಂದು ಹಾಕಿದೆ. ಮೂರು ಹಾಕಿದೆ. ಎರಡು ಹಾಕಿದಾಗ ಮುಂದಿನ ಯು ಕಾಣದೆ ಪಕ್ಕದ್ದನ್ನು ಒತ್ತಿದೆ. ಕೊನೆಗೆ ಒಂದೊಂದೇ ಅಕ್ಷರಕ್ಕೆ ಮೂಗು ತಾಗಿಸಿ ಹುಡುಕಿ ಒತ್ತಿದಾಗ ನಿಂತಿತು. ಅಷ್ಟರಲ್ಲಿ ನಲವತ್ತು ನಿಮಿಷ ಕೂಗಿತ್ತು.

ಕೆಳಗೆ ಜನವೆಲ್ಲ ಗುಡ್ಡ ಹತ್ತಿದ್ದಾರೆ. ಹೆರಿಗೆನೋವು ತಿನ್ನುತ್ತಿದ್ದವಳನ್ನು ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಹೊತ್ತರಂತೆ. ತಾಯಿ ಮಗು ಕ್ಷೇಮ. ಆದರೆ ಓಡುವಾಗ ನಿವೃತ್ತ ಮೇಷ್ಟ್ರು ಬಿದ್ದು ಸೊಂಟ ಮುರಿದುಕೊಂಡರು. ನನಗೆ ಅಕ್ಷರ ಕಲಿಸಿದವರು. ಅವರ ಮುಖವನ್ನು ಹೇಗೆ ನೋಡಲಿ?

ಮೇಲ್ವಿಚಾರಕರ ಆದೇಶ ಬಂದಿದೆ. ಪೆಟ್ಟಿಗೆಯನ್ನು ನಂಬುವಂತಿಲ್ಲ. ಇಡೀ ಮಳೆಗಾಲ ನಾನು ಇಲ್ಲೇ ಇದ್ದು, ದಿನಕ್ಕೆ ಎರಡು ಸಲ ನನ್ನ ಕಣ್ಣಿನಿಂದ ನೋಡಿದ ಅಳತೆಯನ್ನು ಪೆಟ್ಟಿಗೆಯ ಅಳತೆಯ ಪಕ್ಕದಲ್ಲಿ ಬರೆಯಬೇಕು. ಎರಡೂ ಒಂದೇ ಬಂದರೆ ಅಕ್ಟೋಬರಿನಲ್ಲಿ ಬಿಡುಗಡೆ.

ನಿನ್ನ ಮೇಲೆ ಸಿಟ್ಟಿಲ್ಲ.

ಅಮ್ಮ

ಏಪ್ರಿಲ್ 30

ಅಮ್ಮ,

ಸಿಟ್ಟು ಮಾಡು. ಬೈದುಬಿಡು. ಸಿಟ್ಟಿಲ್ಲ ಎಂದರೆ ನಾನು ಏನು ಮಾಡಲಿ?

ತಪ್ಪು ಸಿಕ್ಕಿತು. ಒಂದೇ ಸಾಲು. ನಡುವೆ ತಡೆದು ಕರೆದರೆ ಜವಾನ ಕೆಲಸ ಬಿಟ್ಟು ಬರಬೇಕೋ ಬೇಡವೋ ಎಂದು ಪಟ್ಟಿ ಕೇಳಿತ್ತು. ಜಾಗಕ್ಕಾಗಿ ಬೇಡ ಎಂದೆ. ಇಲ್ಲಿ ನಾನು ಬೇರೆ ಕೇಬಲ್ಲಿನಿಂದ ಒಳಗೆ ಹೋಗುತ್ತೇನೆ, ಆ ಬಾಗಿಲಲ್ಲಿ ಕೂತವನು ಬೇರೆಯವನು, ಅವನು ಕರೆದರೆ ನಿಲ್ಲುತ್ತಾನೆ. ನಿನ್ನ ಕೀಬೋರ್ಡಿನ ಬಾಗಿಲಲ್ಲಿ ಕೂತವನು ಕಿವುಡ. ನಿನ್ನ ಬಾಗಿಲಿನಿಂದ ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಉಳಿಸಿದ ಜಾಗ ಎಷ್ಟು ಗೊತ್ತಾ? ಈ ಪತ್ರವನ್ನು ಕಂಪ್ಯೂಟರಿನಲ್ಲಿ ಬರೆದಿದ್ದರೆ ಅಷ್ಟೇ ಜಾಗ ಹಿಡಿಯುತ್ತಿತ್ತು.

ಮೇಲ್ವಿಚಾರಕರ ಕಚೇರಿಗೆ ಮೂರು ಸಲ ಹೋದೆ. ತಪ್ಪು ನನ್ನದು, ನನ್ನ ತಾಯಿಯನ್ನು ಬಿಡಿ ಎಂದೆ. "ತಪ್ಪು ಯಾರದಾದ್ರೂ ಮಳೆ ಮಳೆನೇ ಅಲ್ವಮ್ಮ" ಎಂದರು. ಡಾಕ್ಟರ ಚೀಟಿ ತೋರಿಸಿದೆ. "ನೋಡದೆ ಬರೆದ ಚೀಟಿ" ಎಂದು ಹಿಂದಕ್ಕೆ ಕೊಟ್ಟರು.

ಹೋದ ಭಾನುವಾರ ನಾನೇ ಹೊರಟೆ. ಬಸ್ಸು ಕೊನೆಯಾಗುವಲ್ಲಿ ಇಳಿದು, ಊರುಗೋಲು ಹಾಕಿಕೊಂಡು ಮೆಟ್ಟಿಲು ಹತ್ತಿದೆ. ನೂರಾ ಹನ್ನೊಂದು ಮೆಟ್ಟಿಲು. ಆಮೇಲೆ ಮೆಟ್ಟಿಲೇ ಇಲ್ಲ, ಬರೀ ಜಾರುವ ಕಲ್ಲು. ಅಲ್ಲೇ ಕೂತೆ. ಮೇಲಿಂದ ಇಳಿದು ಬಂದ ಕುರಿಯವನೊಬ್ಬ ಎತ್ತಿ ತಂದು ಬಸ್ಸಿನಲ್ಲಿ ಕೂರಿಸಿದ. ನನ್ನದು ಕುಂಟುನೆಪ ಎಂದು ಯಾರೂ ಹೇಳುವಂತಿಲ್ಲ, ನಿಜವಾಗಿಯೇ ಕುಂಟು.

ಹೊಸ ಕಾರ್ಡಿನಲ್ಲಿ ಕರೆದರೆ ನಿಲ್ಲುತ್ತದೆ. ಈ ಸಲ ನಿನ್ನ ಬಾಗಿಲಿನಿಂದಲೇ ನೋಡಿದೆ. ನಿಲ್ಲು ಎನ್ನಲು ಒಂದು ಎಲ್ ಹಾಕಿದರೂ ಸೈ, ಐದು ಹಾಕಿದರೂ ಸೈ.

ಮಗಳು

ಮೇ 16

ನೀರು: ಒಂದು ಮೀಟರ್ ನಲವತ್ತೊಂದು ಬಿಂದು ಏಳು.

ಮಗೂ,

ಅಕ್ಷರ ದೊಡ್ಡದಾಗಿದೆ ಎಂದು ಗಾಬರಿಯಾಗಬೇಡ. ಸಾಲು ಒಂದರ ಮೇಲೊಂದು ಹತ್ತಬಾರದೆಂದು ಹೀಗೆ ಬರೆಯುತ್ತಿದ್ದೇನೆ.

ನಿನ್ನ ಜವಾನ ಈಗ ಚಿನ್ನ. ಕರೆದರೆ ಬರುತ್ತಾನೆ, ಹೋಗು ಎಂದರೆ ಹೋಗುತ್ತಾನೆ. ನನ್ನ ಅಳತೆ, ಅವನ ಅಳತೆ ದಿನವೂ ಒಂದೇ. ಮೇಲ್ವಿಚಾರಕರು ಮೆಚ್ಚಿ ಬರೆದಿದ್ದಾರೆ.

ಮೆಟ್ಟಿಲು ಹತ್ತುವ ಹುಚ್ಚು ಬೇಡ. ನಿನಗೆ ಆರು ವರ್ಷ ಇದ್ದಾಗ ಜ್ವರದಲ್ಲಿ ಕಾಲು ಸೋತಿತು. ಕೆಳಗೆ ಆಸ್ಪತ್ರೆಯಿದೆ, ಶಾಲೆಯಿದೆ ಎಂದು ಚಿಕ್ಕಮ್ಮನ ಕೈಗೆ ಕೊಟ್ಟೆ. ನಾನೂ ಇಳಿದು ಬರಬಹುದಿತ್ತೇನೋ. ಬರಲಿಲ್ಲ. ಅದನ್ನು ಈಗ ಬರೆಯಲು ಕೂತರೆ ಹಾಳೆ ಸಾಲದು.

ಔಷಧ ದಿನವೂ ಹಾಕುತ್ತಿದ್ದೇನೆ.

ಅಮ್ಮ

ಮೇ 29

ಅಮ್ಮ,

ಒಂದೇ ಒಂದು ವಿಷಯ ಕೇಳುತ್ತೇನೆ.

ಚಿಕ್ಕವಳಿದ್ದಾಗ ಆ ಅಳತೆಪಟ್ಟಿಗೆ ಒರಗಿ ನಿಂತು ನನ್ನ ಎತ್ತರ ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ಸೆಂಟಿಮೀಟರಿಗೆ ಒಂದು ಗೀರು, ಅದಕ್ಕಿಂತ ಸಣ್ಣದು ಇಲ್ಲ. ಇಷ್ಟು ವರ್ಷ ನೀನು ಬರೆದ ಪತ್ರಗಳಲ್ಲೆಲ್ಲ ಸುಮಾರು, ಆಚೀಚೆ, ಗಾಳಿಯಿದೆ ಎಂದೇ ಇದೆ. ಬಿಂದು ಏಳು ಎಂದು ನೀನು ಎಲ್ಲಿ ನೋಡಿದೆ?

ಪೆಟ್ಟಿಗೆಯೊಂದೇ ಅಷ್ಟು ಸಣ್ಣದಾಗಿ ಅಳೆಯುವುದು.

ಮಗಳು

ಜೂನ್ 14

ಮಗೂ,

ನೀರು ಬರೆದಿಲ್ಲ, ಕ್ಷಮಿಸು.

ನೀನೇ ಹಿಡಿಯುತ್ತೀಯ ಎಂದು ಗೊತ್ತಿತ್ತು. ಏಪ್ರಿಲ್ ಕೊನೆಯಿಂದ ಗೀರು ಕಾಣುತ್ತಿಲ್ಲ. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಬೀಗದ ತೂತಿನಷ್ಟು ಉಳಿದಿದೆ. ಆ ತೂತನ್ನು ಸ್ಕ್ರೀನಿಗೆ ಒತ್ತಿ ಹಿಡಿದರೆ ಒಂದೊಂದೇ ಅಂಕಿ ಸಿಗುತ್ತದೆ. ಪೆಟ್ಟಿಗೆಯನ್ನು ಕೇಳುತ್ತೇನೆ, ಅದು ಹೇಳಿದ್ದನ್ನು ನನ್ನದೆಂದು ಬರೆಯುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನೋಡದ ಅಂಕಿ ಒಂದನ್ನೂ ಬರೆದವಳಲ್ಲ ನಾನು. ಈಗ ದಿನಕ್ಕೆರಡು ಬರೆಯುತ್ತಿದ್ದೇನೆ.

ಅಂಕಿ ಬೇರೆ ಬಂದರೆ ಪೆಟ್ಟಿಗೆ ಸುಳ್ಳು ಎನ್ನುತ್ತಾರೆ, ನಿನ್ನ ಕೆಲಸ ಹೋಗುತ್ತದೆ. ಕಾಣುವುದಿಲ್ಲ ಎಂದರೆ ನನ್ನ ಕೆಲಸ ಹೋಗುತ್ತದೆ. ಅಕ್ಟೋಬರ್ ತನಕ ಸುಮ್ಮನಿರು. ಯಾರಿಗೂ ಬಾಯಿ ಬಿಡಬೇಡ. ನಿನ್ನನ್ನು ಇದೊಂದೇ ಕೇಳುತ್ತಿರುವುದು.

ಅಮ್ಮ

ಜೂನ್ 27

ಅಮ್ಮ,

ಮಳೆ ಹಿಡಿದಿದೆ. ಈ ಪತ್ರ ಮುಟ್ಟುವ ಹೊತ್ತಿಗೆ ದಾರಿ ಇರುತ್ತದೋ ಇಲ್ಲವೋ.

ಒಂದು ವಾರ ಯೋಚಿಸಿದೆ. ಪೆಟ್ಟಿಗೆ ನನ್ನದೇ, ಆದರೂ ಅದರ ಮೇಲೆ ನನಗೆ ನಂಬಿಕೆಯಿಲ್ಲ. ಒಂದು ಸಲ ನಂಬಿ ಮೇಷ್ಟ್ರ ಸೊಂಟ ಮುರಿಸಿದೆ. ಹೊಳೆಯಲ್ಲಿ ನಿಲ್ಲಿಸಿದ ಅದರ ಅಳತೆಗಾರ, ಆ ಸೆನ್ಸರ್ ಕಂಬ, ಕಲ್ಲು ಬಡಿದು ವಾಲಿದರೆ, ಕೆಸರು ಕಟ್ಟಿಕೊಂಡರೆ, ಸುಳ್ಳು ಹೇಳುತ್ತದೆ. ಅದನ್ನು ಹಿಡಿಯಲೆಂದೇ ನಿನ್ನನ್ನು ಕೂರಿಸಿದ್ದಾರೆ. ಮೂರು ಊರಿನವರು ನಿನ್ನ ಕಣ್ಣನ್ನು ನಂಬಿ ಮಲಗುತ್ತಾರೆ.

ಕಚೇರಿಗೆ ಹೇಳಲು ಬಾಗಿಲ ತನಕ ಹೋಗಿ ಹಿಂದೆ ಬಂದೆ, ಎರಡು ಸಲ. ನೀನು ಕೇಳಿದ್ದು ಅದೊಂದನ್ನೇ.

ಇದರೊಂದಿಗೆ ಒಂದು ಕಾರ್ಡಿದೆ. ಎಲ್ಲವೂ ಹಾಗೇ ಇದೆ, ನೀರು ಅಳೆಯುತ್ತದೆ, ಸೈರನ್ ಹೊಡೆಯುತ್ತದೆ. ಮಟ್ಟ ಎಂಬ ಮಾತನ್ನು ಮಾತ್ರ ತೆಗೆದಿದ್ದೇನೆ. ನೀನು ಕೇಳಿದರೆ ಜವಾನ ಸಿಗಲಿಲ್ಲ ಎನ್ನುತ್ತಾನೆ. ಮೋಸ ಮಾಡಿ ಹಾಕಿಸಬಹುದಿತ್ತು, ಹೊಸದು, ಚೆನ್ನಾಗಿದೆ ಎಂದು ಬರೆದಿದ್ದರೆ ನೀನು ಹಾಕುತ್ತಿದ್ದೆ. ಹಾಗೆ ಮಾಡಲಾರೆ. ಹಾಕುವುದು ಬಿಡುವುದು ನಿನ್ನ ಕೈಯಲ್ಲಿ.

ನಿನ್ನನ್ನು ಕೆಳಗೆ ಕರೆತರಲು ಮಾಡಿದ ಪೆಟ್ಟಿಗೆ ಇದು. ಅದೇ ನಿನ್ನನ್ನು ಅಲ್ಲಿ ಕಟ್ಟಿಹಾಕಿತು. ಉಳಿದ ಬೀಗದ ತೂತಿನಷ್ಟನ್ನೂ ನಾನೇ ತಿಂದುಹಾಕಿದೆನೇನೋ. ನನಗೆ ಏನೂ ತೋಚುತ್ತಿಲ್ಲ ಅಮ್ಮ.

ಮಗಳು

ಜುಲೈ 13

ತಂಗಿಗೆ,

ಇದನ್ನು ಬರೆಯುತ್ತಿರುವವನು ಅಂಚೆಯವನು. ನಿಮ್ಮ ಪತ್ರವನ್ನು ಓದಿ ಹೇಳಿದವನೂ ನಾನೇ. ಮನ್ನಿಸಬೇಕು, ಅಮ್ಮನವರೇ ಓದು ಎಂದರು. ಮುಂದಿನದು ಅವರು ಹೇಳಿದ್ದು, ಹೇಳಿದ ಹಾಗೇ ಬರೆದಿದ್ದೇನೆ.

"ಕಾರ್ಡ್ ಹಾಕಿದೀನಿ ಅಂತ ಬರಿ. ಹಾಕೋಕೆ ಮುಂಚೆ ಒಂದಿನ ಸುಮ್ನೆ ಕೂತಿದ್ದೆ ಅಂತಾನೂ ಬರಿ. ರಿಜಿಸ್ಟರಲ್ಲಿ ಅಂಕಿ ಬರೆಯೋ ಜಾಗದಲ್ಲಿ ಕಾಣುತ್ತಿಲ್ಲ ಅಂತ ಬರೆದೆ. ಏಪ್ರಿಲ್‌ನಿಂದ ಬರೆದಿದ್ದೆಲ್ಲ ನಾನು ನೋಡಿದ್ದಲ್ಲ ಅಂತಾನೂ ಬರೆದು ಕಳಿಸ್ದೆ. ಮೇಲ್ವಿಚಾರಕರು ಕೆಳಗಿನ ಊರಿನ ದರ್ಜಿ ಹೆಂಡ್ತೀನ ಕಳಿಸಿದಾರೆ. ಅವಳೀಗ ಹೊಳೆಗಿಳಿದು ನೋಡಿ ಬರ್ತಾಳೆ. ಒಳ್ಳೆ ಕಣ್ಣು ಅವಳದ್ದು. ಹಳೇ ಕಾರ್ಡ್ ಹಾಕಿ ಎರಡೂ ಅಂಕಿ ಪಕ್ಕಪಕ್ಕ ನೋಡಿದಳು. ಅಳತೆಗಾರ ವಾಲಿತ್ತಂತೆ, ನಾಲ್ಕು ದಿನದಿಂದ ಎಂಟು ಸೆಂಟಿಮೀಟರ್ ಕಮ್ಮಿ ಹೇಳ್ತಿತ್ತಂತೆ. ನೆಟ್ಟಗೆ ಮಾಡಿದಳು.

ಕೆಲಸ ಹೋಯ್ತು. ಇಳಿದು ಬರೋಣ ಅಂದ್ರೆ ದಾರಿ ಇಲ್ಲ. ಅವಳು ಬಂದ ಮೇಲೆ ಎರಡು ಕಡೆ ಗುಡ್ಡ ಕುಸಿದಿದೆ, ಈ ಅಂಚೆಯವನೇ ಹಗ್ಗ ಹಿಡಿದು ಬಂದ. ಕಣ್ಣಿಲ್ಲದೋಳನ್ನ ಕರ್ಕೊಂಡು ಇಳಿಯೋಕೆ ಆಗಲ್ಲ ಅಂತಾನೆ. ಮಳೆ ಮುಗಿಲಿ.

ಬಲಗಣ್ಣು ಹೋದ ಮಂಗಳವಾರ ಹೋಯ್ತು. ನೋವೇನಿಲ್ಲ. ಬೆಳಗೋ ಸಂಜೆಯೋ ಗೊತ್ತಾಗಲ್ಲ, ಅಷ್ಟೇ. ಮಗಳು ಅಳಬಾರದು ಅಂತ ಬರಿ. ಬರೆದ್ಯಾ? ಸರಿ."

ಅವರ ಸಹಿಯನ್ನು ಕೆಳಗೆ ಅವರೇ ಹಾಕಿದ್ದಾರೆ. ಹಾಳೆಯ ಆಚೆಗೆ ಹೋಗಿದೆ.

ಅಂಚೆಯವನು

ಜುಲೈ 26

ಅಂಚೆಯಣ್ಣನಿಗೆ ನಮಸ್ಕಾರ.

ಈ ಪತ್ರ ಅಮ್ಮನಿಗೆ. ಅವಳನ್ನು ಬೆಚ್ಚಗೆ ಕೂರಿಸಿ ನಿಧಾನವಾಗಿ ಓದಿ ಹೇಳಿ.

ಅಮ್ಮ, ನಾವೆಲ್ಲ ಚೆನ್ನಾಗಿದ್ದೇವೆ. ಚಿಕ್ಕಮ್ಮ ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ. ನನ್ನ ಕೆಲಸ ಹೋಗಿಲ್ಲ. ಪೆಟ್ಟಿಗೆ ಸುಳ್ಳು ಹೇಳಿದರೆ ಹಿಡಿಯಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕೆಂದು ಬರೆದುಕೊಟ್ಟೆ, ಒಪ್ಪಿದರು. ಅಕ್ಟೋಬರಿನಲ್ಲಿ ನಿನ್ನನ್ನು ಹೊತ್ತು ಇಳಿಸಲು ನಾಲ್ಕು ಜನರನ್ನು ಗೊತ್ತು ಮಾಡಿದ್ದೇನೆ. ಡಾಕ್ಟರು ಒಂದು ಸಲ ನೋಡುತ್ತೇನೆ ಎಂದಿದ್ದಾರೆ. ಬೇರೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನೀನು ಹೇಳಿದ ಹಾಗೆ ಅಳುತ್ತಿಲ್ಲ.

ಇಷ್ಟು ವರ್ಷ ನಾನು ನಿನಗೆ ಪೆಟ್ಟಿಗೆಯ ವಿಷಯವನ್ನೇ ಬರೆದೆ, ನೀನು ನೀರಿನ ವಿಷಯವನ್ನೇ ಬರೆದೆ. ಬೇರೆಯದು ಬಹಳ ಇತ್ತು. ಮುಂದೆ ಬರೆದರಾಯಿತು ಎಂದುಕೊಂಡಿದ್ದೆ.

ಅಂಚೆಯಣ್ಣ, ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಇನ್ನೂ ಮೂರು ಹಾಳೆಯಿದೆ, ಎರಡೂ ಮಗ್ಗುಲಲ್ಲಿ ಬರೆದಿದ್ದೇನೆ. ದಯವಿಟ್ಟು ಅದನ್ನು ನೀವು ಓದಬೇಡಿ, ದರ್ಜಿಯ ಹೆಂಡತಿಗೂ ಕೊಡಬೇಡಿ. ಮಡಿಸಿದ ಹಾಗೇ ಅಮ್ಮನ ಕೈಗೆ ಕೊಟ್ಟುಬಿಡಿ. ಅವಳು ಓದಲಾರಳು ಎಂದು ನನಗೆ ಗೊತ್ತು. ಆದರೆ ಅದು ಬೇರೆ ಯಾರಿಗೂ ಬರೆದದ್ದಲ್ಲ.

ಮಗಳು